ಸಿಂಗಳೀಕ ನಮ್ಮನ್ನು ಕೇಳುವ ಪ್ರಶ್ನೆ



ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತಿದ್ದೆ. ಹಿರಿಯ ರೈತರೊಬ್ಬರು ಹತ್ತಿರ ಬಂದರು. ಅಂದಿನ ಪ್ರಬೋಧನೆಯಲ್ಲಿ ನಾನು ಘಟ್ಟದ ಕಾಡನ್ನೂ ಅಲ್ಲಿನ ಜೀವಿಗಳನ್ನೂ ಉಳಿಸಿಕೊಳ್ಳಬೇಕೆಂದು ಹೇಳಿದ್ದೆ. ಅವರು ಕೇಳಿದರು: "ಫಾದರ್, ನೀವು ಮಂಗನನ್ನು ಉಳಿಸಿ ಅಂತೀರಿ. ಈ ವರ್ಷ ಮಂಗ ನನ್ನ ತೋಟದಲ್ಲಿ ಒಂದು ಬಾಳೆಗೊನೆಯನ್ನೂ ಉಳಿಸಿಲ್ಲ. ಮಂಗ ಇಲ್ಲದೇ ಹೋದರೆ ಯಾರಿಗೆ ನಷ್ಟ?"

ಅವರ ಮಾತಿನಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು. ಆ ಹೊತ್ತಿನಲ್ಲಿ ನಾನು ಏನೋ ಒಂದು ಉತ್ತರ ಕೊಟ್ಟೆ. ಅದು ಅವರಿಗೂ ಒಪ್ಪಿಗೆಯಾಗಲಿಲ್ಲ, ನನಗೂ ಸಮಾಧಾನ ತರಲಿಲ್ಲ. ಗುರುಮಠದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ ಓದಿದವನು ಒಬ್ಬ ರೈತನ ನೇರ ಪ್ರಶ್ನೆಗೆ ತಡವರಿಸಿದೆನಲ್ಲ ಎಂದು ಮನಸ್ಸಿಗೆ ಚುಚ್ಚಿತು. ಅಂದು ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ. ದಯವಿಟ್ಟು ಮನೆಮಂದಿಯೆಲ್ಲ ಕೂತು ಓದಿರಿ.

ಯಾರು ಈ ಸಿಂಗಳೀಕ?

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ತೋಟಗಳಿಗೆ ನುಗ್ಗಿ ಬಾಳೆ, ಎಳನೀರುಗಳನ್ನು ಹಾಳುಮಾಡುವುದು ಬಹುಮಟ್ಟಿಗೆ ನಾವು ದಿನವೂ ಕಾಣುವ ಸಾಮಾನ್ಯ ಕೋತಿ ಮತ್ತು ಮುಸುವ. ಇವು ಕಾಡಿನಲ್ಲೂ ಬದುಕುತ್ತವೆ, ಊರಿನಲ್ಲೂ ಬದುಕುತ್ತವೆ. ದೇವಸ್ಥಾನದ ಮೆಟ್ಟಿಲು, ಬಸ್ ನಿಲ್ದಾಣದ ಮಾಡು ಎಲ್ಲವೂ ಅವುಗಳಿಗೆ ಮನೆಯೇ.

ಸಿಂಗಳೀಕ ಹಾಗಲ್ಲ. ಅದರದು ಮಿರುಗುವ ಕಪ್ಪು ಮೈ. ಮುಖದ ಸುತ್ತ ಬೆಳ್ಳಿಬೂದು ಬಣ್ಣದ ಕೇಸರ. ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಒಂದು ಕುಚ್ಚು. ಅದಕ್ಕಾಗಿಯೇ ಇದನ್ನು ಸಿಂಹಬಾಲದ ಕೋತಿ ಎಂದೂ ಕರೆಯುತ್ತಾರೆ. ಸ್ವಭಾವದಲ್ಲಿ ನಾಚಿಕೆಯ ಪ್ರಾಣಿ. ಹತ್ತಿಪ್ಪತ್ತರ ತಂಡವಾಗಿ ಎತ್ತರದ ಮರಗಳ ನೆತ್ತಿಯ ಮೇಲೆಯೇ ಹಗಲೆಲ್ಲ ಸಂಚರಿಸಿ, ಅಲ್ಲಿಯೇ ಉಂಡು, ಅಲ್ಲಿಯೇ ಮಲಗುತ್ತದೆ. ಕಾಡು ಅಖಂಡವಾಗಿದ್ದರೆ ನೆಲಕ್ಕೆ ಇಳಿಯುವ ಪ್ರಸಂಗವೇ ಅಪರೂಪ.

ಈ ಜೀವಿ ಪ್ರಪಂಚದಲ್ಲಿ ನಮ್ಮ ಪಶ್ಚಿಮ ಘಟ್ಟಗಳ ಕಾಡು ಬಿಟ್ಟರೆ ಬೇರೆ ಯಾವ ಕಾಡಿನಲ್ಲೂ ಇಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಈ ಮೂರೇ ರಾಜ್ಯಗಳಲ್ಲಿ ಅದರ ವಾಸ. ಉತ್ತರ ಕನ್ನಡ ಜಿಲ್ಲೆಯ ಶಿರಸಿ ಮತ್ತು ಹೊನ್ನಾವರಗಳ ನಡುವಿನ ಕಾಡು ಅದರ ಉತ್ತರದ ಗಡಿ. ಅಲ್ಲಿಂದ ಮುಂದೆ ಗೋವೆಯ ಕಡೆಗೆ ಹೋದರೆ ಸಿಂಗಳೀಕ ಕಾಣುವುದಿಲ್ಲ. ಕಾಡಿನಲ್ಲಿ ಉಳಿದಿರುವ ಸಿಂಗಳೀಕಗಳು ಎಲ್ಲ ಸೇರಿ ಸುಮಾರು 3500ರಿಂದ 4000 ಎಂದು ತಜ್ಞರು ಅಂದಾಜು ಮಾಡಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಅಂದರೆ ಹುಲಿ ಮತ್ತು ಆನೆಗಳ ಸಾಲಿನಲ್ಲಿ, ಅದಕ್ಕೆ ಸ್ಥಾನವಿದೆ.

ನಮ್ಮ ದೊಡ್ಡ ಹಬ್ಬದ ದಿನ ಒಂದು ಚರ್ಚಿನ ಅಂಗಳದಲ್ಲಿ ಸೇರುವ ಜನರಷ್ಟು! ಪ್ರಪಂಚದ ಕಾಡುಗಳಲ್ಲಿ ಇರುವುದೇ ಅಷ್ಟು.

ಮಳೆಕಾಡೆಂಬ ಮನೆ

ಮಳೆಕಾಡು ಎಂದರೆ ಮಳೆ ಬೀಳುವ ಕಾಡು ಎಂದಷ್ಟೇ ಅರ್ಥವಲ್ಲ. ಅದೊಂದು ಅಂತಸ್ತುಗಳ ಮನೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆ ಮಳೆ ನೇರವಾಗಿ ನೆಲಕ್ಕೆ ಬಿದ್ದರೆ ಮಣ್ಣೆಲ್ಲ ಕೊಚ್ಚಿ ಹೋಗಬೇಕು. ಆದರೆ ಮೂವತ್ತು ಮೀಟರಿಗೂ ಎತ್ತರದ ಮರಗಳು ಒಂದರ ರೆಂಬೆಗೆ ಒಂದು ತಾಗಿಕೊಂಡು ಮೇಲೊಂದು ಹಸಿರು ಚಪ್ಪರ ಹಾಕಿರುತ್ತವೆ. ಹನಿ ಮೊದಲು ಆ ಚಪ್ಪರಕ್ಕೆ ಬೀಳುತ್ತದೆ. ಅಲ್ಲಿಂದ ನಡುಮಟ್ಟದ ಮರಗಳಿಗೆ, ಅಲ್ಲಿಂದ ಪೊದೆಗೆ, ಕೊನೆಗೆ ದರಗೆಲೆಯ ಹಾಸಿಗೆಗೆ. ಹೀಗೆ ಮೆಲ್ಲಮೆಲ್ಲನೆ ಇಳಿದ ನೀರು ನೆಲದೊಳಗೆ ಇಂಗಿ, ಬೇಸಿಗೆಯಲ್ಲಿ ಹಳ್ಳವಾಗಿ ಹೊರಬರುತ್ತದೆ. ತುಂಗೆ, ಭದ್ರೆ, ನೇತ್ರಾವತಿ, ಶರಾವತಿ, ಅಘನಾಶಿನಿ ಎಲ್ಲ ಈ ಘಟ್ಟಗಳ ಮಕ್ಕಳು. ಮಂಗಳೂರಿನ ನಲ್ಲಿಯಲ್ಲಿ ಬರುವ ನೇತ್ರಾವತಿಯ ನೀರು ಎಲ್ಲೋ ಒಂದು ಕಡೆ ಇಂಥ ದರಗೆಲೆಯ ಕೆಳಗಿನಿಂದ ಹೊರಟದ್ದು.

ಸಿಂಗಳೀಕಕ್ಕೆ ಇದೇ ಕಾಡು ಏಕೆ ಬೇಕು? ಏಕೆಂದರೆ ಅದು ಮುಖ್ಯವಾಗಿ ಹಣ್ಣು ತಿನ್ನುವ ಪ್ರಾಣಿ. ಜೊತೆಗೆ ಹುಳಹುಪ್ಪಟೆ, ಬೀಜ, ಹೂವು. ವರ್ಷದ ಹನ್ನೆರಡು ತಿಂಗಳೂ ಯಾವುದಾದರೊಂದು ಮರದಲ್ಲಿ ಹಣ್ಣು ಸಿಗಲೇಬೇಕು. ಒಂದು ಕಾಲಕ್ಕೆ ಹಲಸು, ಹೆಬ್ಬಲಸು. ಇನ್ನೊಂದು ಕಾಲಕ್ಕೆ ಉಪ್ಪಾಗೆ. ಬೇರೇನೂ ಇಲ್ಲದಾಗ ಅತ್ತಿಯ ಜಾತಿಯ ಮರಗಳು. ನೂರು ಬಗೆಯ ಮರ ಒಟ್ಟಿಗಿರುವ ಕಾಡಿನಲ್ಲಿ ಮಾತ್ರ ಇಂಥ ವರ್ಷವಿಡೀ ತೆರೆದ ಉಗ್ರಾಣ ಸಾಧ್ಯ. ಅದು ತಿಂದು ಋಣವನ್ನೂ ತೀರಿಸುತ್ತದೆ. ಹಣ್ಣನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ದೂರ ಹೋಗಿ, ಬೀಜವನ್ನು ಉಗುಳುತ್ತದೆ. ಕಾಡಿನ ರೈತನೆಂದರೆ ತಪ್ಪಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಹಸಿರಾಗಿರುವುದೆಲ್ಲ ಕಾಡಲ್ಲ. ಅಕೇಶಿಯಾ ನೆಡುತೋಪು ದೂರದಿಂದ ಹಸಿರಾಗಿ ಕಾಣುತ್ತದೆ. ಅಲ್ಲಿ ಸಿಂಗಳೀಕಕ್ಕೆ ಒಂದು ಹೊತ್ತಿನ ಊಟವೂ ಸಿಗದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಜೌಗು ನೆಲ ಅದು. ಅಲ್ಲಿನ ಮರಗಳ ಬೇರುಗಳು ಉಸಿರಾಟಕ್ಕಾಗಿ ಮೊಣಕಾಲು ಮಡಿಸಿದಂತೆ ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ. ಅಂಥ ಜಾಗವನ್ನು ಯಾವ ನರ್ಸರಿಯಲ್ಲೂ ಬೆಳೆಸಲಾಗದು. ಕಡಿದು ಬೇರೆ ಕಡೆ ನೆಡುತ್ತೇವೆ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ದಾರಿ ತುಂಡಾದಾಗ

ಹಾಗಾದರೆ ಸಿಂಗಳೀಕಕ್ಕೆ ಬಂದ ಆಪತ್ತು ಯಾವುದು? ಬೇಟೆ ಒಂದು ಕಾರಣ. ಕೆಲವೆಡೆ ಕಾಡು ಉಳಿದಿದ್ದರೂ ಕೋವಿಯಿಂದಾಗಿ ಸಿಂಗಳೀಕ ಉಳಿಯಲಿಲ್ಲ. ಆದರೆ ಇದಕ್ಕಿಂತ ಮೆಲ್ಲಗೆ, ಸದ್ದಿಲ್ಲದೆ ಕೊಲ್ಲುವ ಇನ್ನೊಂದು ಕಾರಣವಿದೆ. ಅದು ಕಾಡು ತುಂಡು ತುಂಡಾಗುವುದು.

ಒಂದು ರಸ್ತೆ ಅಗಲವಾಗುತ್ತದೆ. ಒಂದು ವಿದ್ಯುತ್ ಮಾರ್ಗಕ್ಕಾಗಿ ಮರ ಬೀಳುತ್ತದೆ. ಒಂದು ಅಣೆಕಟ್ಟಿನ ಹಿನ್ನೀರು ಕಣಿವೆಯನ್ನು ತುಂಬುತ್ತದೆ. ಒಂದು ಕಾಫಿ ಅಥವಾ ಟೀ ತೋಟ ಬೆಟ್ಟವನ್ನು ಆವರಿಸುತ್ತದೆ. ಪ್ರತಿಯೊಂದೂ ಲೆಕ್ಕದಲ್ಲಿ ಸಣ್ಣದು. ಆದರೆ ಮರದಿಂದ ಮರಕ್ಕೆ ದಾಟುವ ಪ್ರಾಣಿಗೆ ಇಪ್ಪತ್ತು ಮೀಟರಿನ ಬಯಲೂ ಒಂದು ಗೋಡೆಯೇ.

ಇದನ್ನು ಕುಟುಂಬದ ಮಾತಿನಲ್ಲಿ ಹೇಳುತ್ತೇನೆ. ಸಿಂಗಳೀಕಗಳಲ್ಲಿ ಹೆಣ್ಣುಗಳು ಹುಟ್ಟಿದ ತಂಡದಲ್ಲಿಯೇ ಉಳಿಯುತ್ತವೆ. ಗಂಡುಗಳು ಪ್ರಾಯಕ್ಕೆ ಬಂದಾಗ ತವರನ್ನು ಬಿಟ್ಟು ಬೇರೆ ತಂಡವನ್ನು ಹುಡುಕಿಕೊಂಡು ಹೋಗುತ್ತವೆ. ಹೋಗುವ ದಾರಿ ಮರಗಳ ನೆತ್ತಿ. ಆ ದಾರಿ ತುಂಡಾದರೆ ಒಂದು ತಂಡಕ್ಕೂ ಇನ್ನೊಂದು ತಂಡಕ್ಕೂ ಸಂಬಂಧ ಕೂಡುವುದಿಲ್ಲ. ನಮ್ಮ ಊರುಗಳಲ್ಲಿ ಒಂದೇ ಮನೆತನದೊಳಗೆ ತಲೆಮಾರುಗಟ್ಟಲೆ ಮದುವೆಗಳಾದರೆ ಏನಾಗುತ್ತದೆಂದು ಹಿರಿಯರು ಬಲ್ಲರು. ಧರ್ಮಸಭೆಯೂ ಹತ್ತಿರದ ರಕ್ತಸಂಬಂಧದ ವಿವಾಹಕ್ಕೆ ಅಡ್ಡಿ ಹೇಳುತ್ತದೆ. ಒಂಟಿಯಾದ ತಂಡವೂ ಹಾಗೆಯೇ ಒಳಗಿನಿಂದ ಬಡವಾಗುತ್ತಾ ಹೋಗುತ್ತದೆ.

ತಜ್ಞರು ಹೇಳುವ 3500 ಅಥವಾ 4000 ಎಂಬ ಸಂಖ್ಯೆ ನಲವತ್ತಕ್ಕೂ ಹೆಚ್ಚು ಚೂರುಗಳಾಗಿ ಹರಿದು ಹಂಚಿಹೋಗಿದೆ. ಕೆಲವು ಚೂರುಗಳಲ್ಲಿ ಒಂದೆರಡು ತಂಡಗಳಷ್ಟೇ ಇವೆ. ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಕಲಿತ ಒಂದು ಪಾಠ ಇಲ್ಲಿ ನೆನಪಾಗುತ್ತದೆ: ಬಿಡಿಭಾಗಗಳನ್ನು ಕೂಡಿಸಿದ ಮಾತ್ರಕ್ಕೆ ಇಡಿಯು ದೊರೆಯುವುದಿಲ್ಲ. ಕಡಿದ ಹಗ್ಗದ ತುಂಡುಗಳ ಉದ್ದವನ್ನು ಕೂಡಿಸಿದರೆ ಲೆಕ್ಕ ಸರಿಬರಬಹುದು. ಆದರೆ ಅದರಿಂದ ಬಾವಿಯ ನೀರು ಸೇದಲಾಗದು.

ಇದಕ್ಕೆ ಇನ್ನೊಂದು ಕಷ್ಟ ಸೇರಿದೆ. ಹೆಣ್ಣು ಸಿಂಗಳೀಕ ಮೊದಲ ಮರಿ ಹಾಕುವ ಹೊತ್ತಿಗೆ ಅದಕ್ಕೆ ಸುಮಾರು ಆರು ವರ್ಷ ತುಂಬಿರುತ್ತದೆ. ಒಂದು ಸಲಕ್ಕೆ ಒಂದೇ ಮರಿ. ಮತ್ತೊಂದು ಮರಿಗೆ ಎರಡು ಮೂರು ವರ್ಷ ಕಾಯಬೇಕು. ಒಂದು ತಾಯಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತರೆ ಆ ತಂಡದ ಎಷ್ಟೋ ವರ್ಷಗಳ ಲೆಕ್ಕ ಬುಡಮೇಲಾಗುತ್ತದೆ. ಇಲಿ, ಮೊಲಗಳಂತೆ ಬೇಗ ತುಂಬಿಕೊಳ್ಳುವ ಜಾತಿಯಲ್ಲ ಇದು.

ಮೂರು ಕಡೆಯ ಪಾಠ

ಕೈಕಟ್ಟಿ ಕೂರಬೇಕಾಗಿಲ್ಲ ಎನ್ನುವುದಕ್ಕೆ ನಮ್ಮ ಘಟ್ಟಗಳಲ್ಲಿಯೇ ಮೂರು ಉದಾಹರಣೆಗಳಿವೆ.

ಮೊದಲನೆಯದು ಕೇರಳದ ಸೈಲೆಂಟ್ ವ್ಯಾಲಿ, ಅಂದರೆ ಮೌನ ಕಣಿವೆ. ಅಲ್ಲಿನ ಕುಂತಿಪುಳ ನದಿಗೆ ಜಲವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆ 1970ರ ದಶಕದಲ್ಲಿ ಬಂತು. ಕಟ್ಟಿದ್ದರೆ ಸಿಂಗಳೀಕಗಳ ಒಂದು ಮುಖ್ಯ ನೆಲೆ ಮುಳುಗುತ್ತಿತ್ತು. ಶಾಲೆಯ ಮೇಷ್ಟ್ರುಗಳು, ವಿಜ್ಞಾನಿಗಳು, ಕವಯಿತ್ರಿ ಸುಗತಕುಮಾರಿಯಂಥವರು, ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಎಲ್ಲರೂ ಸೇರಿ ಊರೂರಿಗೆ ಹೋಗಿ ಜನರಿಗೆ ವಿಷಯ ತಿಳಿಸಿದರು. ಕೊನೆಗೆ ಯೋಜನೆ ಕೈಬಿಟ್ಟುಹೋಯಿತು. 1984ರಲ್ಲಿ ಆ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಆ ಹೋರಾಟದ ಗುರುತಾಗಿ ನಿಂತದ್ದು ಇದೇ ಕಪ್ಪು ಮೈಯ, ಬಿಳಿ ಕೇಸರದ ಪ್ರಾಣಿ.

ಎರಡನೆಯದು ನಮ್ಮ ಕುದುರೆಮುಖ. ಅಲ್ಲಿ 1980ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ನಡೆಸಿದರು. ಅದರ ಬೆನ್ನಿಗೆ 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಆದರೆ ಅದರ ನಡುವೆಯೇ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಗೆ ಕೊನೆಯ ಗಡುವು ಕೊಟ್ಟಿತು. 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ಅದರಿಂದ ಅನೇಕ ಕುಟುಂಬಗಳ ಜೀವನೋಪಾಯಕ್ಕೆ ಧಕ್ಕೆಯಾಯಿತು ಎಂಬುದನ್ನೂ ಮರೆಯಬಾರದು. ಅದೇ ಬೆಟ್ಟಗಳಲ್ಲಿ ಗಂಗಾಮೂಲದ ಬಳಿ ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುತ್ತವೆ ಎಂಬುದನ್ನೂ ಮರೆಯಬಾರದು. ಎರಡೂ ನಿಜ.

ಮೂರನೆಯದು ತಮಿಳುನಾಡಿನ ವಾಲ್ಪಾರೈ. ಅಲ್ಲಿ ನೂರು ವರ್ಷಕ್ಕೂ ಹಿಂದೆಯೇ ಬೆಟ್ಟಗಳು ಟೀ, ಕಾಫಿ ತೋಟಗಳಾದವು. ನಡುನಡುವೆ ಕಾಡಿನ ಚೂರುಗಳು ಉಳಿದವು. ಅಂಥ ಒಂದು ಚೂರಿನಲ್ಲಿ ಸಿಕ್ಕಿಕೊಂಡ ಸಿಂಗಳೀಕಗಳು ನೆಲಕ್ಕಿಳಿದು ರಸ್ತೆ ದಾಟಬೇಕಾಯಿತು. ವಾಹನಗಳಡಿ ಸಾಯತೊಡಗಿದವು. ಅರಣ್ಯ ಇಲಾಖೆಯೂ, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯೂ ಸೇರಿ ರಸ್ತೆಯ ಮೇಲ್ಗಡೆ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಿದವು. ಪ್ರಾಣಿಗಳು ದಾಟುವ ಹೊತ್ತಿನಲ್ಲಿ ವಾಹನಗಳನ್ನು ನಿಧಾನಿಸಲು ಕಾವಲುಗಾರರನ್ನು ನಿಲ್ಲಿಸಿದರು. ತೋಟದ ಮಾಲೀಕರ ಒಪ್ಪಿಗೆಯಿಂದ ಕಾಡಿನ ಚೂರುಗಳಲ್ಲಿ ಸ್ಥಳೀಯ ಜಾತಿಯ ಗಿಡಗಳನ್ನು ನೆಟ್ಟರು. ಸಿಂಗಳೀಕಗಳು ಆ ಸೇತುವೆಗಳನ್ನು ಬಳಸಲು ಕಲಿತವು. ತುಂಡಾದ ದಾರಿಯನ್ನು ಸ್ವಲ್ಪವಾದರೂ ಕೂಡಿಸಬಹುದು. ಆದರೆ ತುಂಡು ಮಾಡದೆ ಇರುವುದಕ್ಕೆ ಇದು ಸಮವಲ್ಲ.

ಉಪ್ಪಾಗೆಯ ಮರದ ಕೆಳಗೆ

ಈಗ ನಮ್ಮ ಮನೆಬಾಗಿಲಿಗೇ ಬರೋಣ. ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳ ಮಳೆಕಾಡಿನಲ್ಲಿ ಉಪ್ಪಾಗೆ ಮರ ಬೆಳೆಯುತ್ತದೆ. ಬೀಜದಿಂದ ತುಪ್ಪ ತೆಗೆಯುವುದು ಮಲೆನಾಡಿನ ಹಳೆಯ ರೂಢಿ. ಅದರ ಸಿಪ್ಪೆಯ ಹುಳಿಯನ್ನು ಕೇರಳದವರು ಮೀನುಸಾರಿಗೆ ಹಾಕುತ್ತಾರೆ. ಕೊಡಗಿನ ಕಾಚಂಪುಳಿಯೂ ಇದರಿಂದಲೇ. 1990ರ ದಶಕದಲ್ಲಿ, ಬೊಜ್ಜು ಕರಗಿಸುವ ಔಷಧಿಗೆಂದು ವಿದೇಶಗಳಲ್ಲಿ ಒಣ ಸಿಪ್ಪೆಗೆ ಬೇಡಿಕೆ ಹುಟ್ಟಿತು. ಬೆಲೆ ಏರಿತು. ಎಷ್ಟೋ ಬಡ ಕುಟುಂಬಗಳಿಗೆ ಮಳೆಗಾಲದ ಖರ್ಚಿಗೆ ಅದೇ ಆಸರೆಯಾಯಿತು. ಅದು ಒಳ್ಳೆಯದೇ.

ಆದರೆ ಬೆಲೆ ಏರಿದಾಗ ಪೈಪೋಟಿಯೂ ಏರಿತು. ಇಂದು ನಾನು ಕೊಯ್ಯದಿದ್ದರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಭಯ. ಹಣ್ಣಾಗುವ ಮೊದಲೇ ಕಾಯಿಗೆ ಕೈ. ಮರ ಹತ್ತುವ ಶ್ರಮವೇಕೆಂದು ರೆಂಬೆಗೇ ಕತ್ತಿ. ಸಿಪ್ಪೆ ಒಣಗಿಸಲು ಹೊರೆಗಟ್ಟಲೆ ಕಾಡಿನ ಸೌದೆ. ಇದೇ ಹಣ್ಣು ಸಿಂಗಳೀಕದ ಆಹಾರವೂ ಹೌದು. ಹಣ್ಣಾಗಿ ಬಿದ್ದ ಬೀಜವೇ ಮುಂದಿನ ಮರವೂ ಹೌದು. ಹೀಗೆ ಒಂದೇ ಏಟಿಗೆ ಮೂವರ ಪಾಲು ಹೋಗುತ್ತದೆ: ಪ್ರಾಣಿಯದು, ಕಾಡಿನದು, ನಮ್ಮ ಮಕ್ಕಳದು.

ಈ ಪ್ರದೇಶದ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಸಂರಕ್ಷಣಾ ಮೀಸಲು ಎಂದರೆ ಅಲ್ಲಿ ವಾಸಿಸುವ ಜನರ ಹಕ್ಕುಗಳನ್ನು ಉಳಿಸಿಕೊಂಡೇ ಕಾಡನ್ನು ಕಾಪಾಡುವ ವ್ಯವಸ್ಥೆ. 2019ರಲ್ಲಿ ಅದನ್ನೂ ಹಳೆಯ ಶರಾವತಿ ಕಣಿವೆ ಅಭಯಾರಣ್ಯವನ್ನೂ ಬೇರೆ ಕೆಲವು ಕಾಡುಗಳನ್ನೂ ಸೇರಿಸಿ, ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಲಾಯಿತು. ಇತ್ತೀಚಿನ ವರ್ಷಗಳಲ್ಲಿ ಇದೇ ಕಣಿವೆಯಲ್ಲಿ 2000 ಮೆಗಾವಾಟ್ ಸಾಮರ್ಥ್ಯದ ಒಂದು ವಿದ್ಯುತ್ ಯೋಜನೆಯ ಪ್ರಸ್ತಾವ ಬಂದು ದೊಡ್ಡ ಚರ್ಚೆಯಾಗಿದೆ. ಗೇರುಸೊಪ್ಪೆಯ ಹಿನ್ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಅದರ ಉದ್ದೇಶ. ವಿದ್ಯುತ್ ನಮಗೆಲ್ಲರಿಗೂ ಬೇಕು. ಆದರೆ ಇಂಥ ಸಂದರ್ಭದಲ್ಲಿ ಎಷ್ಟು ಮರ ಬೀಳುತ್ತದೆ ಎಂದು ಕೇಳಿದರೆ ಸಾಲದು. ಯಾವ ಮರ, ಎಲ್ಲಿಯ ಮರ, ಅದು ಬಿದ್ದರೆ ಯಾವ ದಾರಿ ತುಂಡಾಗುತ್ತದೆ ಎಂದೂ ಕೇಳಬೇಕು.

ಇಡೀ ಇರವಿನ ಬೆಲೆ

ಇನ್ನು ಆ ರೈತರ ಪ್ರಶ್ನೆ: ಇಲ್ಲದೇ ಹೋದರೆ ಯಾರಿಗೆ ನಷ್ಟ?

ಮೊದಲ ಉತ್ತರ, ನಮಗೇ ನಷ್ಟ. ಬೀಜ ಹರಡುವವರಿಲ್ಲದೆ ಕಾಡು ಬಡವಾಗುತ್ತದೆ. ಕಾಡು ಬಡವಾದರೆ ಹಳ್ಳ ಬತ್ತುತ್ತದೆ. ಈ ಉತ್ತರ ಸರಿಯೇ, ಆದರೆ ಪೂರ್ಣವಲ್ಲ. ನಮಗೆ ಉಪಯೋಗವಿರುವುದರಿಂದ ಮಾತ್ರ ಒಂದು ಜೀವಿ ಉಳಿಯಬೇಕು ಎಂದಾದರೆ, ಉಪಯೋಗ ಮುಗಿದ ಹಿರಿಯರ ಬಗ್ಗೆ, ಅಂಗವಿಕಲ ಮಗುವಿನ ಬಗ್ಗೆ ನಾಳೆ ನಾವು ಏನು ಹೇಳುತ್ತೇವೆ? ಮನುಷ್ಯನೂ ಮಂಗನೂ ಸಮಾನರೆಂದು ನಾನು ಹೇಳುತ್ತಿಲ್ಲ. ಬೆಲೆಯನ್ನು ಉಪಯೋಗದಿಂದ ಮಾತ್ರ ಅಳೆಯುವ ಚಾಳಿ ಅಪಾಯಕಾರಿ ಎಂದಷ್ಟೇ ಹೇಳುತ್ತಿದ್ದೇನೆ.

ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಒಂದು ಪ್ರಶ್ನೆ ಎತ್ತಿದ್ದರು: ದೇವರು ಇಷ್ಟೊಂದು ಬಗೆಯ ಜೀವಿಗಳನ್ನು ಏಕೆ ಸೃಷ್ಟಿಸಿದರು? ಅವರ ಉತ್ತರದ ಸಾರ ಇದು. ದೇವರ ಒಳ್ಳೆಯತನ ಎಷ್ಟು ದೊಡ್ಡದೆಂದರೆ ಯಾವ ಒಂದು ಸೃಷ್ಟಿಯೂ ಅದನ್ನು ಪೂರ್ತಿಯಾಗಿ ತೋರಿಸಲಾರದು. ಒಂದರಲ್ಲಿ ಕೊರತೆಯಾದದ್ದನ್ನು ಇನ್ನೊಂದು ತುಂಬಿಕೊಡಲೆಂದು ಅನೇಕ ಬಗೆಯವನ್ನು ಸೃಷ್ಟಿಸಿದರು. ಇದರ ಅರ್ಥ, ಒಂದು ಜಾತಿ ಅಳಿದಾಗ ಸೃಷ್ಟಿಕರ್ತನ ಬಗ್ಗೆ ನಮಗೆ ಹೇಳುತ್ತಿದ್ದ ಒಂದು ದನಿ ಶಾಶ್ವತವಾಗಿ ನಿಂತುಹೋಗುತ್ತದೆ. ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ಲೌದಾತೊ ಸಿ ಎಂಬ ವಿಶ್ವಪತ್ರದಲ್ಲಿ ಇದೇ ವಿಚಾರವನ್ನು ಮುಂದುವರಿಸಿ, ಹಾಗೆ ಅಳಿಸಿಹಾಕಲು ನಮಗೆ ಹಕ್ಕಿಲ್ಲವೆಂದು ಸ್ಪಷ್ಟಪಡಿಸಿದ್ದಾರೆ.

ಹಾಗೆಂದು ಪವಿತ್ರ ಗ್ರಂಥ ಬಳಕೆಯನ್ನೇ ನಿಷೇಧಿಸುವುದಿಲ್ಲ. ಆದಿಕಾಂಡದಲ್ಲಿ ಮನುಷ್ಯನಿಗೆ ತೋಟವನ್ನು ಒಪ್ಪಿಸಿದ್ದು ವ್ಯವಸಾಯ ಮಾಡುವುದಕ್ಕೂ ಹೌದು, ಕಾಯುವುದಕ್ಕೂ ಹೌದು. ಧರ್ಮೋಪದೇಶಕಾಂಡದ ಒಂದು ಚಿಕ್ಕ ನಿಯಮ ನನಗೆ ಬಹಳ ಇಷ್ಟ. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕರೆ ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಮಾತ್ರ ಬಿಟ್ಟುಬಿಡಬೇಕು. ಯಾಜಕಕಾಂಡದಲ್ಲಿ ಹೊಲದ ಅಂಚಿನವರೆಗೂ ಕೊಯ್ಯದೆ ಬಡವರಿಗೂ ಪರದೇಶಿಗೂ ಬಿಡಬೇಕೆಂಬ ಅಪ್ಪಣೆಯಿದೆ. ಈ ಎರಡು ನಿಯಮಗಳ ಹಿಂದೆ ಒಂದೇ ತತ್ತ್ವವಿದೆ: ಹುಟ್ಟುವ ಮೂಲವನ್ನು ಉಳಿಸು, ಪಾಲನ್ನು ಬಿಡು. ಉಪ್ಪಾಗೆಯ ಮರದ ಕೆಳಗೆ ನಿಂತವನಿಗೆ ಇದಕ್ಕಿಂತ ಸರಳವಾದ ಪಾಠ ಬೇಕೇ?

ರೈತನಿಗೂ ನ್ಯಾಯ

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಪೀಠದ ಮೇಲಿಂದ ಸುಲಭದ ಮಾತನ್ನಾಡಿದಂತಾಗುತ್ತದೆ. 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿಯ ವರದಿ ಬಂತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂತು. ಎರಡನ್ನೂ ಘಟ್ಟದ ರೈತರು ಭಯದಿಂದ ನೋಡಿದರು. ಕೇರಳದಲ್ಲಿ ವಿರೋಧಿಸಿದವರಲ್ಲಿ ನಮ್ಮ ಧರ್ಮಗುರುಗಳೂ ಇದ್ದರು. ಆ ಭಯಕ್ಕೆ ಕಾರಣವಿಲ್ಲದಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆಮಠ ಕಳೆದುಕೊಂಡ ಶರಾವತಿಯ ಕುಟುಂಬಗಳು ದಶಕಗಟ್ಟಲೆ ಹಕ್ಕುಪತ್ರಕ್ಕಾಗಿ ಅಲೆದದ್ದನ್ನು ಜನ ಕಣ್ಣಾರೆ ಕಂಡಿದ್ದಾರೆ. ಊರಿಗೆ ಬೆಳಕು ಕೊಟ್ಟವರೇ ಕತ್ತಲಲ್ಲಿ ಉಳಿದರೆ, ಮುಂದಿನ ಸಲ ಸರ್ಕಾರದ ಮಾತನ್ನು ಯಾರು ನಂಬುತ್ತಾರೆ?

ಆದುದರಿಂದ ಕಾಡು ಉಳಿಸುವ ಭಾರವನ್ನೆಲ್ಲ ಕಾಡಂಚಿನ ಬಡವನ ಹೆಗಲಿಗೆ ಹಾಕುವುದು ಅನ್ಯಾಯ. ತೋಟಕ್ಕಾದ ಹಾನಿಗೆ ಸಕಾಲದಲ್ಲಿ ಪರಿಹಾರ ಸಿಗಬೇಕು. ಘೋಷಣೆಗೆ ಮೊದಲು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ವಿಷಯ ತಿಳಿಸಬೇಕು. ಅದೇ ಹೊತ್ತಿಗೆ ನಾವೂ ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಮತ್ತು ವಯನಾಡಿನಲ್ಲಿ ಗುಡ್ಡಗಳು ಜಾರಿ ಜನ ಸತ್ತರು. ಒಂದೊಂದು ದುರಂತಕ್ಕೂ ಒಂದೊಂದು ಬಗೆಯ ಕಾರಣಗಳಿವೆ. ಆದರೂ, ಮರದ ಬೇರು ಹಿಡಿದಿಟ್ಟ ಇಳಿಜಾರನ್ನು ಅಗೆದು ಬರಿದು ಮಾಡಿದರೆ ಮಳೆ ಅದನ್ನು ಕ್ಷಮಿಸುವುದಿಲ್ಲ ಎಂಬ ಎಚ್ಚರ ಎಲ್ಲಕ್ಕೂ ಸಲ್ಲುತ್ತದೆ. ಕಾಡಿನ ರಕ್ಷಣೆ ರೈತನ ವಿರುದ್ಧದ ಪಿತೂರಿಯಲ್ಲ. ಅವನ ಮನೆಯ ಹಿಂದಿನ ಗುಡ್ಡ ನಿಂತಿರಬೇಕಾದರೆ ಅದು ಬೇಕು.

ನಮ್ಮಿಂದ ಆಗುವುದು

ದೊಡ್ಡ ತೀರ್ಮಾನಗಳು ನಮ್ಮ ಕೈಯಲ್ಲಿಲ್ಲದಿರಬಹುದು. ಇವು ನಮ್ಮ ಕೈಯಲ್ಲಿವೆ:

1. ಉಪ್ಪಾಗೆ, ಮುರುಗಲು ಮುಂತಾದ ಕಾಡುಹಣ್ಣುಗಳನ್ನು ಹಣ್ಣಾದ ಮೇಲೆಯೇ ಸಂಗ್ರಹಿಸೋಣ. ರೆಂಬೆ ಕಡಿಯುವುದು ಬೇಡ. ಮರದಲ್ಲಿ ಒಂದು ಪಾಲನ್ನು ಬಿಟ್ಟೇ ಬರೋಣ. ಊರಿನವರೆಲ್ಲ ಸೇರಿ ಕೊಯ್ಲಿನ ದಿನವನ್ನು ನಿಶ್ಚಯಿಸಿಕೊಂಡರೆ ಪೈಪೋಟಿಯ ಭಯ ತಪ್ಪುತ್ತದೆ. ಒಣಗಿಸಲು ಕಡಿಮೆ ಸೌದೆಯ ಒಲೆಗಳನ್ನು ಬಳಸೋಣ.

2. ತೋಟಕ್ಕೂ ಕಾಡಿಗೂ ನಡುವೆ, ಹಳ್ಳದ ದಂಡೆಯಲ್ಲಿ, ಹಲಸು, ಹೆಬ್ಬಲಸು, ಅತ್ತಿ, ರಾಮಪತ್ರೆ ಮರಗಳನ್ನು ಕಡಿಯದೆ ಉಳಿಸೋಣ. ಸಾಲಾಗಿ ನಿಂತ ನಾಲ್ಕು ಮರವೂ ಒಂದು ದಾರಿ.

3. ಘಟ್ಟದ ರಸ್ತೆಯಲ್ಲಿ ಯಾತ್ರೆಗೋ ಮದುವೆಗೋ ಹೋಗುವಾಗ ವಾಹನ ನಿಲ್ಲಿಸಿ ಕೋತಿಗಳಿಗೆ ಬಿಸ್ಕತ್ತು, ಬಾಳೆಹಣ್ಣು ಎಸೆಯಬೇಡಿ. ನಾವು ಕರುಣೆಯೆಂದು ತಿಳಿಯುತ್ತೇವೆ. ಅದು ಪ್ರಾಣಿಯನ್ನು ಮರದಿಂದ ಚಕ್ರದಡಿಗೆ ಕರೆಯುತ್ತದೆ. ತೋಟಕ್ಕೆ ನುಗ್ಗುವ ಅಭ್ಯಾಸವನ್ನೂ ನಾವೇ ಕಲಿಸಿದಂತಾಗುತ್ತದೆ.

4. ಬೇಟೆಯ ಮಾಂಸ ಮನೆಗೆ ಬಂದರೆ ಬೇಡವೆನ್ನೋಣ. ಹಬ್ಬದ ನೆಪವೂ ಬೇಡ, ಔಷಧದ ನೆಪವೂ ಬೇಡ. ಅದು ಕಾನೂನಿನ ಪ್ರಕಾರ ಅಪರಾಧ. ಆತ್ಮಸಾಕ್ಷಿಯ ಮುಂದೆಯೂ ತಪ್ಪು.

5. ಧರ್ಮೋಪದೇಶ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಹತ್ತಿರದ ಕಾಡಿಗೆ ಕರೆದುಕೊಂಡು ಹೋಗೋಣ. ಹೆಸರೇ ತಿಳಿಯದ ಮರಕ್ಕಾಗಿ ನಾಳೆ ಯಾರೂ ದನಿಯೆತ್ತುವುದಿಲ್ಲ.

ಮನೆಯಲ್ಲಿ ಚರ್ಚಿಸಲು

ಈ ವಾರ ಸಂಜೆಯ ಪ್ರಾರ್ಥನೆಯ ನಂತರ ಈ ಪ್ರಶ್ನೆಗಳನ್ನು ಎತ್ತಿಕೊಳ್ಳಿರಿ.

ನಮ್ಮ ಮನೆಗೆ ಬರುವ ನೀರು ಯಾವ ಹಳ್ಳದ್ದು, ಆ ಹಳ್ಳ ಯಾವ ಕಾಡಿನಿಂದ ಬರುತ್ತದೆ? ಅಜ್ಜ ಅಜ್ಜಿಯರ ಕಾಲದಲ್ಲಿ ಊರ ಸುತ್ತ ಕಾಣುತ್ತಿದ್ದ ಯಾವ ಪ್ರಾಣಿ, ಯಾವ ಹಕ್ಕಿ ಈಗ ಕಾಣುತ್ತಿಲ್ಲ? ಕಾಡಿನಿಂದ ನಾವು ಏನೇನು ತರುತ್ತೇವೆ, ಅದರಲ್ಲಿ 'ಇಷ್ಟು ಸಾಕು' ಎಂದು ಎಂದಾದರೂ ನಿರ್ಧರಿಸಿದ್ದೇವೆಯೇ?

ಕೊನೆಯದಾಗಿ ಆ ಹಿರಿಯ ರೈತರಿಗೆ ಒಂದು ಮಾತು. ನಿಮ್ಮ ಬಾಳೆಗೊನೆ ಹೋದದ್ದು ನಿಜ, ಅದು ಸಣ್ಣ ನಷ್ಟವಲ್ಲ. ಅದನ್ನು ತುಂಬಿಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ಅರ್ಜಿ ಬರೆಯಲು ನಾನೂ ಜೊತೆಗೆ ಬರುತ್ತೇನೆ. ಆದರೆ ಬಾಳೆ ಮುಂದಿನ ವರ್ಷ ಮತ್ತೆ ಗೊನೆ ಬಿಡುತ್ತದೆ. ಸಿಂಗಳೀಕ ಒಮ್ಮೆ ಹೋದರೆ ಯಾವ ವರ್ಷವೂ ಮರಳುವುದಿಲ್ಲ. ನೀವು ಮತ್ತು ನಾನು ಬದುಕಿರುವಾಗ ಅದು ನಮ್ಮ ಕಣ್ಣೆದುರಿಗೇ ಹೋಯಿತೆಂದು ಮೊಮ್ಮಕ್ಕಳು ಕೇಳಿದರೆ ಏನು ಉತ್ತರ ಕೊಡೋಣ? ಅದನ್ನು ಮುಂದಿನ ಭಾನುವಾರ ಅಂಗಳದಲ್ಲಿ ಕೂತು ಮಾತಾಡೋಣ.